ಮಸುಕಾದ ಗಾಜು, ಮಸುಕಾದ ಹೊಣೆ

ಎರಡು ಗಾಜುಗಳ ನಡುವೆ ಮಂಜು ಕಟ್ಟಿದ ಕಿಟಕಿ ಕೆಟ್ಟುಹೋದ ಕಿಟಕಿ. ಇಷ್ಟು ಸರಳವಾದ ಮಾತನ್ನು ವಾದ ಹೂಡಿ ಸಾಧಿಸಬೇಕಾಗಿ ಬಂದಿರುವುದು ವಿಷಾದದ ಸಂಗತಿ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಹೊರವಲಯದ ಬಹುಮಹಡಿ ಕಟ್ಟಡಗಳಲ್ಲಿ ಮನೆ ಕೊಂಡ ನಮ್ಮಂಥವರಿಗೆ ಜೋಡಿ ಗಾಜಿನ ಕಿಟಕಿಯನ್ನು ನೆಮ್ಮದಿಯ ಇನ್ನೊಂದು ಹೆಸರೆಂಬಂತೆ ಮಾರಲಾಗಿದೆ: ಬಿಸಿಲು ಬಾರದು, ಸದ್ದು ಬಾರದು, ಧೂಳು ಬಾರದು. ಕೆಲವು ಮಳೆಗಾಲ ಕಳೆದು ಗಾಜಿನ ನಡುವೆ ಹಾಲಿನಂಥ ಪೊರೆ ಕಾಣಿಸಿಕೊಂಡಾಗ ಮಾತ್ರ ಮಾರಿದವರ ಭಾಷೆ ಬದಲಾಗುತ್ತದೆ. ಇದು ಊರಿನ ತೇವ ಎನ್ನುತ್ತಾರೆ. ನೀವು ಕಿಟಕಿ ತೆರೆಯುವುದಿಲ್ಲ, ಅದಕ್ಕೇ ಹೀಗೆ ಎನ್ನುತ್ತಾರೆ. ಒರೆಸಿ ನೋಡಿ ಎನ್ನುತ್ತಾರೆ. ಈ ಮೂರು ಉತ್ತರಗಳನ್ನೂ ನಾವು ಒಪ್ಪಲಾರೆವು.

ಏಕೆ ಒಪ್ಪಲಾರೆವು ಎಂಬುದಕ್ಕೆ ಆ ವಸ್ತುವಿನ ರಚನೆಯೇ ಸಾಕ್ಷಿ. ಎರಡು ಗಾಜುಗಳ ಅಂಚಿನ ನಡುವೆ ಸ್ಪೇಸರ್ ಎಂಬ ಟೊಳ್ಳು ಪಟ್ಟಿ ಇರುತ್ತದೆ. ಅದರೊಳಗೆ ತೇವ ಹೀರುವ ಹರಳುಗಳನ್ನು ತುಂಬಿರುತ್ತಾರೆ. ಅಂಚಿಗೆ ಮೊದಲು ಬ್ಯೂಟೈಲ್, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್, ಹೀಗೆ ಎರಡು ಸುತ್ತಿನ ಅಂಟಿನ ಬಂಧ. ಒಳಗಿನ ಗಾಳಿ ಒಣಗಿರಬೇಕು ಎಂಬುದೇ ಇಷ್ಟೆಲ್ಲ ಏರ್ಪಾಟಿನ ಗುರಿ. ಹರಳುಗಳು ಹೀರಿ ತಣಿದು, ಇನ್ನು ಹೀರಲಾರದ ಸ್ಥಿತಿಗೆ ಬಂದಾಗ ಒಳಗೆ ಮಂಜು ಮೂಡುತ್ತದೆ. ಆದ್ದರಿಂದ ಕೋಣೆಯ ಕಡೆಯ ಮೈಮೇಲೆ ಹನಿ ಕಟ್ಟಿದರೆ, ದೆಹಲಿಯ ಚಳಿಗಾಲದಲ್ಲಿ ಆಗುವಂತೆ, ಅದು ಕೋಣೆಯ ತೇವ. ಏಸಿ ಹಾಕಿದ ಕೋಣೆಯ ಕಿಟಕಿಯ ಹೊರಮೈ ಚೆನ್ನೈಯಲ್ಲೋ ಮುಂಬಯಿಯಲ್ಲೋ ಬೆವರಿದರೆ ಅದು ಹೊರಗಿನ ಗಾಳಿಯ ತೇವ. ಈ ಎರಡೂ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ. ಎರಡೂ ಕಡೆಯಿಂದ ಒರೆಸಿದರೂ ಹೋಗದಿರುವುದು ನಡುವಿನ ಮಂಜು. ಅದು ಅಂಚಿನ ಬಂಧ ಸೋತದ್ದರ ಗುರುತು. ಮನೆಯವರು ಕಿಟಕಿ ತೆರೆದರೋ ಮುಚ್ಚಿದರೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಂಧ ಸೋಲುವುದೇಕೆ? ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಗಾಜು ದಿನವೂ ಉಸಿರಾಡಿದಂತೆ ಅಂಚಿನ ಅಂಟು ಎಳೆದಾಟಕ್ಕೆ ಸಿಗುತ್ತದೆ. ಇದನ್ನು ತಾಳಿಕೊಳ್ಳುವಂತೆಯೇ ಅಂಟನ್ನು ಆರಿಸಬೇಕು. ಬಿಸಿಲಿಗೆ ನೇರ ತೆರೆದುಕೊಂಡ ಅಂಚಿಗೆ ಪಾಲಿಸಲ್ಫೈಡ್ ತಕ್ಕದ್ದಲ್ಲ. ಇನ್ನೊಂದು ಕಾರಣ ನಿಂತ ನೀರು. ಚೌಕಟ್ಟಿನ ತಳದಲ್ಲಿ ಮಳೆನೀರು ಹರಿದುಹೋಗಲು ಸಣ್ಣ ರಂಧ್ರಗಳಿರಬೇಕು, ಗಾಜು ತಳಕ್ಕೆ ತಾಗದಂತೆ ಅಡಿಯಲ್ಲಿ ತುಂಡುಗಳನ್ನಿಟ್ಟು ಎತ್ತಿ ನಿಲ್ಲಿಸಿರಬೇಕು. ಆ ರಂಧ್ರಗಳನ್ನು ಸಿಮೆಂಟು ಮುಚ್ಚಿದ್ದರೆ ಗಾಜಿನ ಅಂಚು ಇಡೀ ಮಳೆಗಾಲ ನೀರಲ್ಲಿ ನೆನೆಯುತ್ತದೆ. ಇವೆಲ್ಲ ತಯಾರಿಕೆಯ ಅಥವಾ ಜೋಡಣೆಯ ಮಾತುಗಳು. ಇದರಲ್ಲಿ ಹವಾಮಾನದ ತಪ್ಪೇನು? ಮುಂಬಯಿಯಲ್ಲಿ ಮಳೆ ಬರುತ್ತದೆ ಎಂಬುದು ಕಿಟಕಿ ಮಾರುವವರಿಗೆ ತಿಳಿಯದ ರಹಸ್ಯವೇ?

ದೋಷವನ್ನು ಒಪ್ಪಿಸಿದ ಮೇಲೂ ಎರಡು ಬಲೆಗಳು ಕಾದಿರುತ್ತವೆ. ಮೊದಲನೆಯದು, ಗಾಜಿಗೆ ಸಣ್ಣ ರಂಧ್ರ ಕೊರೆದು ತೇವ ತೆಗೆಯುತ್ತೇವೆಂಬ ಅಗ್ಗದ ವಾಗ್ದಾನ. ಮಂಜು ಹೋದರೂ ಮುಚ್ಚಿದ ಒಣ ಗಾಳಿ ಮರಳಿ ಬರುವುದಿಲ್ಲ. ಆರ್ಗಾನ್ ತುಂಬಿದ್ದರೆ ಅದೂ ಹೋದಂತೆಯೇ. ಎತ್ತರದ ಮಹಡಿಗಳಲ್ಲಿ ಬಹಳ ಸಲ ಟಫನ್ ಮಾಡಿದ ಗಾಜು ಇರುತ್ತದೆ, ಅದನ್ನು ಕೊರೆಯಹೊರಟರೆ ಪುಡಿಪುಡಿಯಾಗುತ್ತದೆ. ಎರಡನೆಯದು, ಚೌಕಟ್ಟು ಸಮೇತ ಇಡೀ ಕಿಟಕಿಯನ್ನೇ ಬದಲಿಸಿ ಎಂಬ ದುಬಾರಿ ಸಲಹೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬುದ್ಧಿ ಇದು. ಚೌಕಟ್ಟು ನೆಟ್ಟಗಿದ್ದರೆ ಸಾಮಾನ್ಯವಾಗಿ ಗಾಜನ್ನು ಹಿಡಿದಿರುವ ಬೀಡಿಂಗ್ ಪಟ್ಟಿ ಬಿಚ್ಚಿ, ಅಗಲ, ಎತ್ತರ, ದಪ್ಪ ಅಳೆದು, ಆರು ಮಿಲಿಮೀಟರಿನ ಎರಡು ಗಾಜು ಮತ್ತು ಹನ್ನೆರಡರ ಅಂತರವಾದರೆ ಒಟ್ಟು 24 ಮಿಲಿಮೀಟರಿನ ಹೊಸ ಜೋಡಿಯನ್ನು ಕೂರಿಸಬಹುದು. ಬೀಡಿಂಗ್ ಒಳಬದಿಯಲ್ಲಿದ್ದರೆ ಇಪ್ಪತ್ತನೆಯ ಮಹಡಿಯಲ್ಲೂ ಹಗ್ಗ ಕಟ್ಟಿ ಹೊರಗಿಳಿಯಬೇಕಿಲ್ಲ. ಆದರೆ ತಳದ ರಂಧ್ರಗಳನ್ನು ತೆರವು ಮಾಡದೆ ಕೂರಿಸಿದ ಹೊಸ ಗಾಜು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇನ್ನು ಖರ್ಚು ಯಾರದು? ಇಲ್ಲಿ ನಮ್ಮ ಮೌನವೇ ಮಾರುವವರ ಬಂಡವಾಳ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14(3)ನೆಯ ಕಲಮು ಸ್ಪಷ್ಟವಾಗಿದೆ: ಮನೆ ಸ್ವಾಧೀನಕ್ಕೆ ಬಂದ ದಿನದಿಂದ ಐದು ವರ್ಷಗಳೊಳಗೆ ರಚನೆಯ ದೋಷವನ್ನಾಗಲಿ, ಕೆಲಸಗಾರಿಕೆ ಅಥವಾ ಗುಣಮಟ್ಟದ ದೋಷವನ್ನಾಗಲಿ ತಿಳಿಸಿದರೆ, ನಿರ್ಮಾಣಗಾರನು ಹೆಚ್ಚಿನ ಹಣ ಪಡೆಯದೆ 30 ದಿನಗಳಲ್ಲಿ ಸರಿಪಡಿಸಬೇಕು. ಮನೆಯೊಂದಿಗೇ ಬಂದ ಕಿಟಕಿಯ ಬಂಧ ಬಿಟ್ಟುಹೋಗುವುದು ಗುಣಮಟ್ಟದ ದೋಷವಲ್ಲದೆ ಮತ್ತೇನು? ನಾವೇ ಬೇರೆಯಾಗಿ ಕೊಂಡ ಕಿಟಕಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಅವಧಿ. ಎರಡೂ ಕಡೆ ಕಾಲವೇ ಮುಖ್ಯ. ಮುಂದಿನ ತಿಂಗಳು ಆಳು ಕಳಿಸುತ್ತೇವೆ ಎಂಬ ಫೋನಿನ ಮಾತಿನಲ್ಲಿ ವರ್ಷಗಳು ಸವೆಯುತ್ತವೆ. ಪರಭಾಷೆಯ ಊರಿನಲ್ಲಿ ಜಗಳವೇಕೆ ಎಂಬ ನಮ್ಮವರ ಸಂಕೋಚ ಆ ಸವೆತಕ್ಕೆ ಇನ್ನಷ್ಟು ನೆರವಾಗುತ್ತದೆ. ದಿನಾಂಕವಿರುವ ಚಿತ್ರ, ಬರಹದ ದೂರು, ಅದು ತಲುಪಿದ್ದಕ್ಕೆ ಪುರಾವೆ, ಇವು ಯಾವ ಭಾಷೆಯ ಊರಿನಲ್ಲೂ ನಡೆಯುವ ನಾಣ್ಯಗಳು. ಒಂದೇ ಕಟ್ಟಡದ ಹತ್ತು ಮನೆಗಳಲ್ಲಿ ಮಂಜು ಕಂಡಿದ್ದರೆ ಸೊಸೈಟಿಯೇ ಮುಂದೆ ನಿಂತು ಕೇಳಬೇಕು.

ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆಯೂ ಇದೆ. ಒಳಹೊರಗಿನ ಉಷ್ಣತೆಯ ವ್ಯತ್ಯಾಸದಿಂದ ಹರಿಯುವ ಶಾಖವನ್ನು ಜೋಡಿ ಗಾಜು ಸುಮಾರು ಅರ್ಧಕ್ಕಿಳಿಸುತ್ತದೆ, ನಿಜ. ಆದರೆ ನೇರವಾಗಿ ಬೀಳುವ ಬಿಸಿಲಿನ ವಿಷಯ ಬೇರೆ. ಸಾದಾ ಒಂಟಿ ಗಾಜು ಅದರ ಶಾಖದಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಒಳಬಿಟ್ಟರೆ, ಸಾದಾ ಜೋಡಿ ಗಾಜು ಎಪ್ಪತ್ತರಷ್ಟನ್ನು ಬಿಡುತ್ತದೆ. ಪಡುವಣ ಗೋಡೆಯ ಬಿಸಿಲನ್ನು ತಡೆಯಬೇಕಾದದ್ದು ಲೇಪನವಿರುವ ಗಾಜು, ಇಲ್ಲವೇ ಗಾಜಿನ ಹೊರಗಿನ ನೆರಳು: ನಮ್ಮ ಹಿರಿಯರ ಮನೆಗಳ ಸಜ್ಜಾ, ಚಪ್ಪರ, ಬಿದಿರಿನ ತಟ್ಟಿ. ಸಜ್ಜಾ ಇಲ್ಲದ ಬೋಳು ಗಾಜಿನ ಗೋಡೆ ಕಟ್ಟಿ, ಅದರ ಸೆಕೆಗೆ ಮದ್ದೆಂದು ಜೋಡಿ ಗಾಜನ್ನು ಮಾರುವುದು ಗಾಯ ಮಾಡಿ ಮುಲಾಮು ಮಾರಿದಂತೆ. ಸದ್ದಿನ ಮಾತೂ ಹಾಗೆಯೇ. ಒಂದೇ ದಪ್ಪದ ಎರಡು ತೆಳು ಗಾಜು, ನಡುವೆ ಕಿರಿದಾದ ಅಂತರ, ಸಂದುಬಿಟ್ಟ ಜಾರುಕಿಟಕಿ ಎಂದಾದರೆ ರಸ್ತೆಯ ಹಾರನ್ನು ಒಳಗೇ ಬರುತ್ತದೆ. ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆ ಮುಂಬಯಿ, ಚೆನ್ನೈಗಳಂಥ ಬಿಸಿ ಮತ್ತು ತೇವದ ಊರುಗಳಲ್ಲಿ ತೆರೆಯಬಲ್ಲ ಕಿಟಕಿಯ ವಿಸ್ತೀರ್ಣ ನೆಲದ ಆರನೆಯ ಒಂದು ಭಾಗದಷ್ಟಾದರೂ ಇರಬೇಕೆನ್ನುತ್ತದೆ. ಈ ಊರುಗಳ ಕಿಟಕಿಗೆ ಮುಚ್ಚಿಕೊಳ್ಳುವಷ್ಟೇ ತೆರೆದುಕೊಳ್ಳುವುದೂ ಧರ್ಮ.

ಜೋಡಿ ಗಾಜೇ ಬೇಡವೆಂಬುದು ನಮ್ಮ ವಾದವಲ್ಲ. ಹಗಲಿರುಳೂ ಏಸಿ ನಡೆಯುವ ಕೋಣೆಯಲ್ಲಿ, ದೆಹಲಿಯ ಬೇಸಿಗೆ ಮತ್ತು ಚಳಿಯಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಮಾರುವವರು ಅಂಚಿನ ಬಂಧಕ್ಕೆ ವರ್ಷ ನಮೂದಿಸಿದ ಲಿಖಿತ ಖಾತರಿ ಕೊಡಲಿ. ಗಾಜು ತಯಾರಾದ ದಿನಾಂಕ ಸ್ಪೇಸರಿನ ಮೇಲೆ ಅಚ್ಚಾಗಿರಲಿ. ಗಾಜನ್ನಷ್ಟೇ ಒಳಗಿನಿಂದ ಬದಲಿಸಬಹುದಾದ ಚೌಕಟ್ಟೇ ನಿಯಮವಾಗಲಿ. ಇಷ್ಟನ್ನು ಬರೆದುಕೊಡಲಾರದವರ ಕಿಟಕಿಗೆ ನಾವು ಹಣ ಕೊಡಬೇಕಿಲ್ಲ.