ಇಯೆನಾಗ ಪಂಡಿತರ ವ್ಯಾಜ್ಯ

ನಮ್ಮ ಸಂಘದ ಕಳೆದ ಗೋಷ್ಠಿಯಲ್ಲಿ ಮಿತ್ರರೊಬ್ಬರು ಜಪಾನಿನ ಇತಿಹಾಸಜ್ಞ ಇಯೆನಾಗ ಸಬುರೊ ಅವರನ್ನು ದೇಶದ್ರೋಹಿಯೆಂದು ಕರೆದರು. ಸರಕಾರದ ಅನ್ನವನ್ನುಂಡು ಸರಕಾರದ ಮೇಲೆಯೇ ದಾವೆ ಹೂಡಿದವನು, ಮಕ್ಕಳ ಮುಂದೆ ತಾಯ್ನಾಡಿನ ಕಳಂಕವನ್ನು ಬಿಚ್ಚಿಟ್ಟವನು ಎಂಬುದು ಅವರ ಆಕ್ಷೇಪ. ನಮ್ಮವರೇ ಆದ ನ್ಯಾಯಮೂರ್ತಿ ರಾಧಾವಿನೋದ ಪಾಲರು 1948ರಲ್ಲಿ ಟೋಕಿಯೋ ನ್ಯಾಯಮಂಡಲಿಯಲ್ಲಿ ಆಪಾದಿತರೆಲ್ಲರನ್ನೂ ನಿರ್ದೋಷಿಗಳೆಂದಿರುವಾಗ ಈತನಿಗೇನು ಬಂದಿತ್ತು ಎಂದೂ ಕೇಳಿದರು. ಪೂರ್ವಪಕ್ಷವಾಯಿತು, ಇನ್ನು ಉತ್ತರ.

ಪಾಲರು ನಿರ್ಣಯಿಸಿದುದು ಆಪಾದಿತರ ಮೇಲಿನ ಆರೋಪವು ನ್ಯಾಯಶಾಸ್ತ್ರದ ಮುಂದೆ ನಿಲ್ಲುವುದೇ ಎಂಬುದನ್ನು. ಜಪಾನೀ ಸೈನಿಕರು ಕ್ರೌರ್ಯವೆಸಗಿದರೆಂಬುದಕ್ಕೆ ಸಾಕ್ಷ್ಯವು ಪ್ರಬಲವಾಗಿದೆಯೆಂದು ಅವರೇ ಬರೆದಿದ್ದಾರೆ. ಆ ಪುಟವನ್ನೋದದೆ ಅವರ ಹೆಸರನ್ನೆತ್ತುವುದು ಪಾಲರಿಗೇ ಅಪಚಾರ.

1913ರಲ್ಲಿ ಜನಿಸಿದ ಇಯೆನಾಗರು ಯುದ್ಧಕಾಲದಲ್ಲಿ ನೀಗಾತ ನಗರದಲ್ಲಿ ಅಧ್ಯಾಪಕರಾಗಿದ್ದರು. ದೇವತೆಗಳ ಕಥೆಯನ್ನೇ ರಾಜ್ಯದ ಇತಿಹಾಸವೆಂದು ಬೋಧಿಸುತ್ತಿದ್ದ ಕಾಲವದು. ಯುದ್ಧವನ್ನು ತಡೆಯಲು ತಾವೇನೂ ಮಾಡಲಿಲ್ಲವೆಂಬ ಪಶ್ಚಾತ್ತಾಪವು ಅವರನ್ನು ಬಿಡಲೇ ಇಲ್ಲ. 1945ರಲ್ಲಿ ಸೋಲಾದ ಮೇಲೆ, ನಿನ್ನೆಯವರೆಗೆ ಕಣ್ಣಿಗೊತ್ತಿಕೊಂಡಿದ್ದ ಪುಸ್ತಕದ ಸಾಲುಗಳಿಗೆ ಮಕ್ಕಳ ಕೈಯಿಂದಲೇ ಮಸಿ ಬಳಿಸಲಾಯಿತು. ಮೂವತ್ತೈದು ವರ್ಷ ಪಾಠ ಹೇಳಿದ ನಾನು ಬಲ್ಲೆ: ತಾನು ಕಲಿಸಿದುದನ್ನು ಶಿಷ್ಯನಿಂದಲೇ ಅಳಿಸುವುದಕ್ಕಿಂತ ಘೋರವಾದ ದಂಡನೆ ಗುರುವಿಗೆ ಬೇರೊಂದಿಲ್ಲ.

ಅನಂತರ ಅವರು ರಚಿಸಿದ ಪ್ರೌಢಶಾಲೆಯ ಇತಿಹಾಸವನ್ನು ಶಿಕ್ಷಣಖಾತೆಯು 1963ರಲ್ಲಿ ತಿರಸ್ಕರಿಸಿತು. ಯುದ್ಧದ ವರ್ಣನೆಯಲ್ಲಿ ಕತ್ತಲೆಯೇ ಹೆಚ್ಚಾಯಿತಂತೆ! ಯುದ್ಧದಲ್ಲಿ ಬೆಳಕು ಯಾವ ಮೂಲೆಯಲ್ಲಿರುವುದೋ ನಾನರಿಯೆ. 1965ರಲ್ಲಿ ಮೊದಲನೆಯ ದಾವೆ. 1967 ಮತ್ತು 1984ರಲ್ಲಿ ಇನ್ನೆರಡು. 1970ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯವು ಅವರ ಪಕ್ಷವನ್ನೆತ್ತಿಹಿಡಿಯಿತಾದರೂ ಆ ಜಯವು ಕಡೆಯವರೆಗೆ ನಿಲ್ಲಲಿಲ್ಲ. ಮಂಚೂರಿಯದಲ್ಲಿ ಜೀವಂತ ಮನುಷ್ಯರ ಮೇಲೆ ರೋಗಾಣುಗಳನ್ನು ಪ್ರಯೋಗಿಸಿದ 731ನೆಯ ದಳದ ಪ್ರಸ್ತಾಪವನ್ನು ಖಾತೆಯು ಅಳಿಸಹೇಳಿದುದು ಅಕ್ರಮವೆಂದು ಸರ್ವೋಚ್ಚ ನ್ಯಾಯಾಲಯವು 1997ರ ಆಗಸ್ಟ್ 29ರಂದು ತೀರ್ಪಿತ್ತಿತು. ಪುಸ್ತಕಪರೀಕ್ಷೆಯ ಪದ್ಧತಿಯನ್ನು ಮಾತ್ರ ಸಂವಿಧಾನಸಮ್ಮತವೆಂದೇ ಉಳಿಸಿತು. ಪಂಡಿತರಿಗೆ ಆಗ 83 ವರ್ಷ. 32 ವರ್ಷಗಳ ವ್ಯಾಜ್ಯಕ್ಕೆ ದೊರೆತ ಪರಿಹಾರ 4 ಲಕ್ಷ ಯೆನ್. ವಕೀಲರ ಕಾಗದಕ್ಕೂ ಸಾಲದು!

ಇನ್ನು ಅನ್ನದ ಋಣದ ಮಾತು. ಆ ಅನ್ನವು ಮಂತ್ರಿಯ ಮನೆಯದಲ್ಲ. ತೆರಿಗೆ ತೆತ್ತ ತಾಯಿತಂದೆಗಳದು. ಅವರ ಮಕ್ಕಳಿಗೆ ಅರ್ಧಸತ್ಯವನ್ನು ಕಲಿಸಿ ಆ ಋಣವನ್ನು ತೀರಿಸಬೇಕೆಂದು ಮಿತ್ರರ ಅಭಿಪ್ರಾಯವೇ? ಮುಂದಿನ ಗೋಷ್ಠಿಯಲ್ಲಿ ಅವರು ಉತ್ತರಿಸಲಿ. ಪಾಲರ ತೀರ್ಪಿನ ಪ್ರತಿಯನ್ನು ನಾನೇ ತರುವೆನು.