ಗಾಯ ಮಾಯ್ದರೆ ಸಾಲದು

ಕೊಚ್ಚಿಯ ಚೀನಾ ಬಲೆಗಳ ಮೇಲೆ ಗರುಡ ಸುತ್ತುವುದನ್ನು ಕಂಡಾಗ ಹಾರಾಟವೆಂಬುದು ನಮಗೆ ಅನಾಯಾಸವೆನಿಸುತ್ತದೆ. ಹಕ್ಕಿಗಾದರೋ ಅದೇ ಹೊಟ್ಟೆಪಾಡು. ರೆಕ್ಕೆ ತುಸು ಸೋತರೂ ಉಪವಾಸ. ಆದ್ದರಿಂದ ಶುಶ್ರೂಷೆ ಪಡೆದ ಬೇಟೆಹಕ್ಕಿಯನ್ನು ಬಿಡುವ ಮುನ್ನ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದು ತನ್ನ ಆಹಾರವನ್ನು ತಾನೇ ಗಳಿಸಬಲ್ಲುದೇ?

ಉತ್ತರ ಪಂಜರದ ಹೊರಗೆ ನಿಂತು ನೋಡಿದರೆ ಸಿಗದು. ಎದೆಮೂಳೆಯ ಇಕ್ಕೆಲದ ಸ್ನಾಯುಗಳನ್ನು ಮುಟ್ಟಿ ನೋಡಬೇಕು. ಕಣ್ಣು, ಅಂಗಾಲು, ಉಗುರಿನ ಹಿಡಿತಗಳನ್ನು ಪರೀಕ್ಷಿಸಬೇಕು. ಮುರಿದ ಗರಿ ಉದುರಿ ಹೊಸದು ಮೂಡುವವರೆಗೆ ಕಾಯಬೇಕು. ವಿಶಾಲ ಆವರಣದಲ್ಲಿ ಮತ್ತೆ ಮತ್ತೆ ಹಾರಿಸಿ, ಇಳಿದ ಬಳಿಕ ಏದುಸಿರು ಎಷ್ಟು ಬೇಗ ಶಮನವಾಗುವುದೆಂದು ಗಮನಿಸಬೇಕು.

ಇಷ್ಟೂ ಆದ ಮೇಲೆ, ಎಲ್ಲಿ ಬಿಡುವುದೆಂಬ ಪ್ರಶ್ನೆ ಉಳಿಯುತ್ತದೆ. 2017ರ ಓಖಿ ಚಂಡಮಾರುತದ ನಂತರ ತಿರುವನಂತಪುರದ ನೆರೆಯ ಕನ್ಯಾಕುಮಾರಿ ಜಿಲ್ಲೆಯಲ್ಲಿ ಸಿನೇರಿಯಸ್ ಜಾತಿಯ ರಣಹದ್ದೊಂದು ಸಿಕ್ಕಿತು. ಚಂಡಮಾರುತದ ಹೆಸರನ್ನೇ ಪಡೆದ ಅದು ಉದಯಗಿರಿ ಕೋಟೆಯಲ್ಲಿ ಐದು ವರ್ಷ ಕಳೆಯಿತು. ಆ ಸೀಮೆಯಲ್ಲಿ ಅದರ ಕುಲದವು ನೆಲೆಸಿಲ್ಲ. ಕೊನೆಗೆ 2022ರ ನವೆಂಬರಿನಲ್ಲಿ ಅದನ್ನು ವಿಮಾನದಲ್ಲಿ ಜೋಧಪುರಕ್ಕೆ ಒಯ್ಯಲಾಯಿತು. ಚಳಿಗಾಲದಲ್ಲಿ ಅದರ ಬಳಗ ವಲಸೆ ಬರುವ ನಾಡು ಅದು.

ಐದು ವರ್ಷ ದೀರ್ಘವೇ ಸರಿ. ಸೆರೆಯೂ ಸ್ನಾಯುಗಳನ್ನು ಸವೆಸುತ್ತದೆ. ಹಾಗೆಂದು ಅವಸರ ಪರಿಹಾರವಲ್ಲ. ಬಾಗಿಲು ತೆರೆವ ಕ್ಷಣದ ಛಾಯಾಚಿತ್ರ ನಮ್ಮನ್ನು ತಣಿಸುತ್ತದೆ. ವಾರದೊಳಗೆ ಹಸಿದು ಬಿದ್ದ ಹಕ್ಕಿಯ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಬಿಟ್ಟ ಹಕ್ಕಿಗಳ ಎಣಿಕೆಯೊಡನೆ ಅವುಗಳ ಹಾರಾಟ ಪರೀಕ್ಷೆಯ ದಾಖಲೆಯನ್ನೂ ನಾವು ಕೇಳೋಣ. ಪರೀಕ್ಷೆಯಿಲ್ಲದ ಬಿಡುಗಡೆ ಕೈಬಿಟ್ಟಂತೆಯೇ.