ಆಮೆಯ ನಕ್ಷೆ ಬರೆದವರು ಯಾರು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಒಂದು ಸಾಲನ್ನು ಬಾಯಿಪಾಠ ಮಾಡಿರುತ್ತೇವೆ: ಗಹಿರ್ಮಾತಾ, ಒಡಿಶಾ, ಆಲಿವ್ ರಿಡ್ಲೆ ಕಡಲಾಮೆ. ಹೊಂದಿಸಿ ಬರೆದು ಒಂದು ಅಂಕ ಗಿಟ್ಟಿಸಿದರೆ ಅಲ್ಲಿಗೆ ಮುಗಿಯಿತು. ಯಾವ ಆಮೆ ಎಲ್ಲಿದೆ ಎಂದು ಕೇಳುತ್ತಾರೆ. ಅಲ್ಲೇ ಏಕಿದೆ ಎಂದು ಯಾರೂ ಕೇಳುವುದಿಲ್ಲ. ಆ ‘ಏಕೆ’ ಗೊತ್ತಿಲ್ಲದಿರುವುದರಿಂದಲೇ ನಾವು ಆಮೆಗಳಿಗೆ ತಿಳಿಯದೆ ಕೇಡು ಮಾಡುತ್ತಿದ್ದೇವೆ ಎಂದು ನನಗನ್ನಿಸುತ್ತದೆ.

ಜಗತ್ತಿನಲ್ಲಿ ಸುಮಾರು 350 ಜಾತಿಯ ಆಮೆಗಳಿವೆ. ಕಡಲಾಮೆಗಳು ಏಳು ಮಾತ್ರ. ಉಳಿದವು ನದಿ, ಕೆರೆ, ಕಾಡು, ಬಯಲುಗಳಲ್ಲಿ ಬದುಕುವಂಥವು. ಅವು ಎಲ್ಲಿರಬೇಕೆಂದು ಮೊದಲು ತೀರ್ಮಾನಿಸುವುದು ಶಾಖ. ಬಹುತೇಕ ಆಮೆಗಳು ಮೈ ಬೆಚ್ಚಗಾಗಲು ಬಿಸಿಲನ್ನೇ ನಂಬಿವೆ. ಮೊಟ್ಟೆಗೆ ಕಾವು ಕೊಡುವುದೂ ತಾಯಿಯಲ್ಲ, ಮಣ್ಣು. ಅನೇಕ ಜಾತಿಗಳಲ್ಲಿ ಮರಿ ಹೆಣ್ಣೋ ಗಂಡೋ ಎಂಬುದು ಕೂಡ ಗೂಡಿನ ಶಾಖದ ಮೇಲೆ ನಿಂತಿದೆ. ಆದ್ದರಿಂದಲೇ ಧ್ರುವಗಳ ಕಡೆ ಹೋದಂತೆ ಆಮೆಗಳು ವಿರಳ.

ಎರಡನೆಯದು ಮಳೆ ಮತ್ತು ನದಿ. ಅತಿ ಹೆಚ್ಚು ಜಾತಿಗಳಿರುವ ಪ್ರದೇಶಗಳಲ್ಲಿ ನಮ್ಮ ಗಂಗಾ–ಬ್ರಹ್ಮಪುತ್ರ ಬಯಲೂ ಒಂದು, ಅಮೆರಿಕದ ಆಗ್ನೇಯ ಭಾಗವೂ ಒಂದು. ಅಮೆರಿಕದಲ್ಲಿ ಚಿಪ್ಪಿನ ಮೇಲೆ ನಕ್ಷೆಯಂತೆ ಗೆರೆಗಳಿರುವ ‘ಮ್ಯಾಪ್’ ಆಮೆಗಳಿವೆ. ಪರ್ಲ್ ನದಿಯ ಮ್ಯಾಪ್ ಆಮೆಗಳೇ ಬೇರೆ, ಪಕ್ಕದ ಪ್ಯಾಸ್ಕಗೂಲ ನದಿಯವೇ ಬೇರೆ. ನದಿ ಬಿಟ್ಟು ದೂರ ಹೋಗದ ಜೀವಕ್ಕೆ ಪಕ್ಕದ ನದಿಯೂ ಪರದೇಶವೇ.

ಮೂರನೆಯದು ಭೂಮಿಯ ಚರಿತ್ರೆ. ಕತ್ತನ್ನು ಪಕ್ಕಕ್ಕೆ ಮಡಚುವ ಆಸ್ಟ್ರೇಲಿಯಾದ ಆಮೆಗಳ ಬಂಧುಗಳು ಇರುವುದು ದಕ್ಷಿಣ ಅಮೆರಿಕದಲ್ಲಿ. ಒಂದು ಕಾಲದಲ್ಲಿ ಈ ಎರಡೂ ಭೂಭಾಗಗಳು ಗೊಂಡ್ವಾನಾದ ಭಾಗವಾಗಿದ್ದವು. ಅದೇ ಆಸ್ಟ್ರೇಲಿಯಾದಲ್ಲಿ ಸ್ಥಳೀಯ ನೆಲ ಆಮೆ ಇಂದು ಒಂದೂ ಇಲ್ಲ.

ಅಷ್ಟು ದೂರ ಯಾಕೆ, ಕರ್ನಾಟಕವನ್ನೇ ನೋಡಿ. ಪಶ್ಚಿಮ ಘಟ್ಟದ ಒದ್ದೆ ಕಾಡಿನ ತರಗೆಲೆಯಡಿ ಕೇನ್ ಟರ್ಟಲ್ ಎಂಬ ಪುಟ್ಟ ಆಮೆ ಇದೆ. ಅದು ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1912ರಲ್ಲಿ ಮೊದಲು ವರ್ಣಿತವಾಗಿ, ಆಮೇಲೆ ದಶಕಗಳ ಕಾಲ ಮರೆಯಾಗಿದ್ದ ಇದನ್ನು 1982ರಲ್ಲಿ ಮತ್ತೆ ಪತ್ತೆ ಹಚ್ಚಿದವರು ಜೆ. ವಿಜಯಾ ಎಂಬ ಯುವತಿ. ಇಂದು ಅದರ ಕುಲದ ಹೆಸರೇ ವಿಜಯಚೆಲಿಸ್. ಪೂರ್ವದಲ್ಲಿ ಕೋಲಾರದ ಕಡೆಯ ಒಣ ಕುರುಚಲು ನೆಲಕ್ಕೆ ಹೋದರೆ ಅಲ್ಲಿರುವುದು ನಕ್ಷತ್ರ ಆಮೆ. ಒಂದೇ ರಾಜ್ಯ, ಆದರೆ ಒಂದರ ಮನೆ ಇನ್ನೊಂದಕ್ಕೆ ಆಗಿಬರುವುದಿಲ್ಲ.

ಕೋಟ್ಯಂತರ ವರ್ಷಗಳಲ್ಲಿ ಮೂಡಿದ ಈ ನಕ್ಷೆಯನ್ನು ನಾವು ಕೆಲವೇ ದಶಕಗಳಲ್ಲಿ ಅಳಿಸಿ ಬರೆಯುತ್ತಿದ್ದೇವೆ. ಅದೃಷ್ಟ ತರುತ್ತದೆಂಬ ನಂಬಿಕೆಗೂ ಸಾಕುವ ಶೋಕಿಗೂ ನಕ್ಷತ್ರ ಆಮೆಗಳು ಚೀಲಗಳಲ್ಲಿ ಕಳ್ಳಸಾಗಣೆಯಾಗುತ್ತಿವೆ. 2019ರಲ್ಲಿ ಅವುಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು. ಇನ್ನೊಂದೆಡೆ ಮಿಸಿಸಿಪ್ಪಿ ಕಣಿವೆಯ ಕೆಂಪು ಕಿವಿಯ ಸ್ಲೈಡರ್ ಆಮೆ ನಮ್ಮ ಊರಿನ ಅಕ್ವೇರಿಯಂ ಅಂಗಡಿಗೆ ಬಂದು ಕೂತಿದೆ. ತಂದಾಗ ಅಂಗೈಯಗಲ, ಕೆಲವೇ ವರ್ಷಗಳಲ್ಲಿ ತೊಟ್ಟಿ ಸಾಲದು. ಆಗ ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುತ್ತೇವೆ. ಅದೇನೋ ಬದುಕುತ್ತದೆ, ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಅದರ ಜತೆ ಪೈಪೋಟಿಗೆ ಬಿದ್ದು ಸೊರಗುವುದು ಕೆರೆಯ ಮೂಲ ಆಮೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಸ್ಲೈಡರ್ ಇದೆ.

‘ನಾನು ಒಂದು ಆಮೆ ತಂದರೆ ಏನಾಗುತ್ತದೆ?’ ಎಂದು ಕೇಳುವವರಿದ್ದಾರೆ. ಹಲವು ಜಾತಿಯ ಆಮೆಗಳು ಮೊಟ್ಟೆಯಿಡುವ ವಯಸ್ಸಿಗೆ ಬರಲು ಹತ್ತು ವರ್ಷವಾದರೂ ಬೇಕು. ಅಲ್ಲಿಯವರೆಗೆ ಉಳಿಯುವ ಮರಿಗಳೋ ಬೆರಳೆಣಿಕೆಯಷ್ಟು. ಹಾಗಾಗಿ ಬೆಳೆದ ಒಂದು ಆಮೆ ಹೋದರೆ ಆ ಜಾಗ ತುಂಬಲು ಕಾಲವೇ ಹಿಡಿಯುತ್ತದೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಆಮೆ ಜಾತಿಗಳು ಅಪಾಯದ ಅಂಚಿನಲ್ಲಿರುವಾಗ ‘ಒಂದೇ ಒಂದು’ ಎಂಬ ಮಾತು ಸಣ್ಣದಲ್ಲ.

ನಾವು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಆಮೆ ಕೊಳ್ಳದಿರೋಣ, ಉಡುಗೊರೆ ಕೊಡದಿರೋಣ. ಈಗಾಗಲೇ ಮನೆಯಲ್ಲಿರುವ ಸ್ಲೈಡರನ್ನು ಕೆರೆಗೆ ಬಿಡದಿರೋಣ. ದಾರಿಯಲ್ಲಿ ನಕ್ಷತ್ರ ಆಮೆ ಸಿಕ್ಕರೆ ನಮಗೆ ತೋಚಿದ ಕಾಡಿಗೆ ಒಯ್ಯದೆ ಅರಣ್ಯ ಇಲಾಖೆಗೆ ತಿಳಿಸೋಣ. ಮುಂದಿನ ಸಲ ‘ಹೊಂದಿಸಿ ಬರೆಯಿರಿ’ ಪ್ರಶ್ನೆ ಕಂಡಾಗ ಉತ್ತರದ ಜತೆಗೆ ಕಾರಣವನ್ನೂ ಹುಡುಕೋಣ. ಅಂಕ ಒಂದೇ ಸಿಗಬಹುದು, ಆದರೆ ನಮ್ಮ ಊರ ಕೆರೆಯನ್ನು ನೋಡುವ ರೀತಿ ಬದಲಾಗುತ್ತದೆ.